ಕಂಪ್ಯೂಟರಿನ ಬಾಗಿಲಲ್ಲಿ ಕಾಣದ ಹೆಸರುಗಳು

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆಂಬ ಮಾತು ನಮ್ಮಲ್ಲಿ ಹಳೆಯದು. ತನಗೆ ಲೋಕ ಕಾಣದಿದ್ದರೆ ಲೋಕಕ್ಕೂ ತಾನು ಕಾಣುವುದಿಲ್ಲವೆಂದು ಅದರ ಎಣಿಕೆ. ಇದು ಬೆಕ್ಕಿನ ತಪ್ಪು. ಕಂಪ್ಯೂಟರನ್ನು ಇಟ್ಟುಕೊಂಡ ನಾವು ಮಾಡುವ ತಪ್ಪು ಅದಕ್ಕಿಂತ ಒಂದು ಕೈ ಮೇಲು. ಹಾಲಿನ ಯಜಮಾನರಾದ ನಾವೇ ಕಣ್ಣು ಮುಚ್ಚಿಕೊಂಡು, ಬೆಕ್ಕು ಹೊರಟುಹೋಯಿತೆಂದು ನೆಮ್ಮದಿಯಾಗಿ ಕುಳಿತಿರುತ್ತೇವೆ. ಈ ಮಾತನ್ನು ನಾನು ಪುಸ್ತಕ ಓದಿ ಕಲಿತುದಲ್ಲ. ನಮ್ಮ ಬಳಗಾನೂರಿನ ಒಂದು ಗೊಬ್ಬರದ ಅಂಗಡಿಯಲ್ಲಿ, ಒಬ್ಬ ಬಡ ಗುಮಾಸ್ತನ ಮಾನ ಹೋಗುವ ಹೊತ್ತಿನಲ್ಲಿ ಕಲಿತುದು. ಆದುದರಿಂದ ಆ ಅಂಗಡಿಯಿಂದಲೇ ಮೊದಲು ಮಾಡುತ್ತೇನೆ.

ಸಿಂಧನೂರು, ಮಸ್ಕಿ, ಲಿಂಗಸೂಗೂರುಗಳ ಸೀಮೆಯಲ್ಲಿರುವ ಊರು ನಮ್ಮದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಈ ಸೀಮೆಗೆ ಬಂದ ಮೇಲೆ ಜೋಳ, ಹತ್ತಿಯ ಹೊಲಗಳೆಷ್ಟೋ ಭತ್ತದ ಗದ್ದೆಗಳಾದವು. ಭತ್ತದ ಹಿಂದೆಯೇ ಗೊಬ್ಬರ ಬಂತು. ಗೊಬ್ಬರದ ಹಿಂದೆಯೇ ಉದ್ರಿ ಬಂತು. ನಾಟಿಯ ಹೊತ್ತಿಗೆ ಚೀಲ ಒಯ್ಯುವುದು, ರಾಶಿಯಾದ ಮೇಲೆ ಹಣ ಮುಟ್ಟಿಸುವುದು, ಹೀಗೆ ನಡೆದುಕೊಂಡು ಬಂದ ಪದ್ಧತಿ. ಇದರ ಲೆಕ್ಕವೆಲ್ಲ ಮೊದಲು ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯ ಪುಸ್ತಕದಲ್ಲಿತ್ತು. ಈಗ ಕಂಪ್ಯೂಟರಿನಲ್ಲಿದೆ. ಪುಸ್ತಕವನ್ನು ಓದಲು ಕನ್ನಡಕ ಸಾಕಾಗಿತ್ತು. ಕಂಪ್ಯೂಟರನ್ನು ಓದಲು ಮೊದಲು ಅದರ ಬಾಗಿಲಲ್ಲಿ ಹೆಸರು ಹೇಳಿ ಒಳಗೆ ಹೋಗಬೇಕು.

ಆ ಬಾಗಿಲಿಗೆ ಲಾಗಿನ್ ಪರದೆ ಎನ್ನುತ್ತಾರೆ. ಯಂತ್ರವನ್ನು ಚಾಲೂ ಮಾಡಿದೊಡನೆ ಅದರಲ್ಲಿ ಖಾತೆ ಇರುವವರ ಹೆಸರುಗಳು ಸಾಲಾಗಿ ಕಾಣುತ್ತವೆ. ತನ್ನ ಹೆಸರನ್ನು ಒತ್ತಿ, ಗುಟ್ಟಿನ ಮಾತು, ಎಂದರೆ ಪಾಸ್‌ವರ್ಡ್ ಕೊಟ್ಟವನಿಗೆ ಬಾಗಿಲು ತೆರೆಯುತ್ತದೆ. ನಾನು ಹೇಳುವ ಅಂಗಡಿಯಲ್ಲಿ ಎರಡೇ ಹೆಸರುಗಳಿದ್ದವು: ಒಂದು ಸಾಹುಕಾರರದು, ಇನ್ನೊಂದು ಅವರ ಗುಮಾಸ್ತನದು.

ಗುಮಾಸ್ತ ಆರು ವರ್ಷ ದುಡಿದವನು. ಸಂಬಳ ಸಾಲದೆ ಸಿಂಧನೂರಿನ ಇನ್ನೊಂದು ಅಂಗಡಿಗೆ ಹೋದ. ಹೋಗುವಾಗ ಜಗಳವಿರಲಿಲ್ಲ, ಆದರೆ ಸಾಹುಕಾರರ ಮನಸ್ಸಿನಲ್ಲಿ ಸ್ವಲ್ಪ ಹುಳಿ ಉಳಿದಿತ್ತು. ದಿನಾ ಬೆಳಿಗ್ಗೆ ಯಂತ್ರ ಹಚ್ಚಿದರೆ ಅವನ ಹೆಸರೇ ಎದುರಿಗೆ ಬರುವುದು ಅವರಿಗೆ ಸರಿಬರಲಿಲ್ಲ. ಕಂಪ್ಯೂಟರ್ ರಿಪೇರಿ ಮಾಡುವ ಹುಡುಗನೊಬ್ಬನನ್ನು ಕರೆಸಿ, “ಅವನ ಹೆಸರು ತಗದುಬಿಡಪ್ಪಾ” ಎಂದರು. ಹುಡುಗ ಎರಡು ನಿಮಿಷ ಕೀಲಿಮಣೆ ಕುಟ್ಟಿದ. ಮತ್ತೆ ಯಂತ್ರ ಹಚ್ಚಿದಾಗ ಪರದೆಯ ಮೇಲೆ ಯಾರ ಹೆಸರೂ ಇರಲಿಲ್ಲ. ಹೆಸರು ಬರೆಯಲು ಒಂದು, ಪಾಸ್‌ವರ್ಡ್ ಬರೆಯಲು ಒಂದು, ಹೀಗೆ ಎರಡು ಖಾಲಿ ಚೌಕಗಳು ಮಾತ್ರ ಇದ್ದವು. ಸಾಹುಕಾರರು ತಮ್ಮ ಹೆಸರನ್ನು ತಾವೇ ಬರೆದು ಒಳಗೆ ಹೋದರು. ಗುಮಾಸ್ತನ ಹೆಸರು ಕಾಣಲಿಲ್ಲ. ಕಾಣಲಿಲ್ಲವಾದ್ದರಿಂದ ಅದು ಇಲ್ಲವೆಂದು ತಿಳಿದರು.

ಮೂರು ತಿಂಗಳು ಕಳೆಯಿತು. ರಾಶಿಯ ಕಾಲ ಬಂದು ವಸೂಲಿಯ ಲೆಕ್ಕ ತೆಗೆದಾಗ ಒಂದು ವಿಚಿತ್ರ ಕಂಡಿತು. ಒಬ್ಬ ರೈತನ ಬಾಕಿಯಲ್ಲಿ 18 ಸಾವಿರ ರೂಪಾಯಿ ಜಮಾ ಆಗಿದೆ. ಆ ರೈತನೋ ಒಂದು ಕಾಸೂ ಕೊಟ್ಟಿಲ್ಲ. ಆ ಲೆಕ್ಕದ ಪ್ರೋಗ್ರಾಮು ಪ್ರತಿಯೊಂದು ನಮೂದಿನ ಬದಿಗೆ ಅದನ್ನು ಬರೆದವನ ಹೆಸರನ್ನೂ ದಿನವನ್ನೂ ವೇಳೆಯನ್ನೂ ತಾನಾಗಿಯೇ ಬರೆದಿಡುವಂಥದು. ಅಲ್ಲಿ ಬರೆದಿದ್ದ ಹೆಸರು ಗುಮಾಸ್ತನದು! ಅವನು ಕೆಲಸ ಬಿಟ್ಟು ಎರಡು ತಿಂಗಳಾದ ಮೇಲಿನ ತಾರೀಖು. ರಾತ್ರಿ ಒಂಬತ್ತೂವರೆಯ ವೇಳೆ.

ಅಂಥ ಮಾತು ಊರಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ? ಸಂಜೆಯ ಹೊತ್ತಿಗೆ ಬಸ್ ನಿಲ್ದಾಣದ ಚಹಾದ ಅಂಗಡಿಗೆ ಬಂತು. ಮರುದಿನ ಸಿಂಧನೂರು ಮುಟ್ಟಿತು. ಗುಮಾಸ್ತ ಆ ರೈತನ ಜೊತೆ ಕೂಡಿಕೊಂಡು, ರಾತ್ರಿ ಹೊತ್ತು ಹೇಗೋ ಒಳಹೊಕ್ಕು ಬಾಕಿ ಅಳಿಸುತ್ತಿದ್ದಾನೆ ಎಂದು ಸುದ್ದಿ. ಅವನ ಹೊಸ ಯಜಮಾನರು ಅವನನ್ನು ಕರೆದು, “ನಾಲ್ಕು ದಿನ ಮನ್ಯಾಗ ಇರಪ್ಪಾ” ಎಂದರಂತೆ. ಲೆಕ್ಕ ಬರೆಯುವವನಿಗೆ ನಂಬಿಕೆಯೇ ಬಂಡವಾಳ. ಅದು ಹೋದ ಮೇಲೆ ಅವನಲ್ಲಿ ಮಾರುವುದಕ್ಕೆ ಬೇರೇನೂ ಉಳಿಯುವುದಿಲ್ಲ.

ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿ ನಿವೃತ್ತನಾದವನು. ಆ ಗುಮಾಸ್ತನೂ ನನ್ನ ಕೈಯಲ್ಲಿ ಕಲಿತವನೇ. ಶಾಲೆಗೆ ಕಂಪ್ಯೂಟರುಗಳು ಬಂದಾಗ ಅವುಗಳ ಹೊಣೆ ನನ್ನ ಕೊರಳಿಗೆ ಬಿದ್ದುದರಿಂದ ಸ್ವಲ್ಪ ತಿಳಿದುಕೊಂಡಿದ್ದೆ. ಸಾಹುಕಾರರು ನನ್ನನ್ನು ಕರೆದು ಪರದೆಯನ್ನು ತೋರಿಸಿದರು. “ನೋಡ್ರಿ ಮಾಸ್ತರ, ಅವನ ಹೆಸರಾ ಅದ. ಇನ್ನೇನು ಸಾಕ್ಷಿ ಬೇಕ್ರಿ?” ಎಂದರು.

“ಅವನ ಹೆಸರು ತಗಿಸೀನಿ ಅಂದಿದ್ರಿ ಅಲ್ರೀ ಸಾಹುಕಾರ್ರ?” ಎಂದೆ.

“ತಗಿಸೀನ್ರಿ. ಪರದೆ ಮ್ಯಾಲ ಕಾಣಂಗಿಲ್ಲ.”

ಇಲ್ಲಿಯೇ ಗಂಟು ಇರುವುದು. ಕಥೆಯನ್ನು ಒಂದು ಗಳಿಗೆ ಇಲ್ಲಿ ನಿಲ್ಲಿಸಿ ಈ ಗಂಟನ್ನು ಬಿಚ್ಚುತ್ತೇನೆ.

ಒಂದು ಯಂತ್ರಕ್ಕೆ ಹಲವರು ಬಳಕೆದಾರರು ಇರುವ ಪದ್ಧತಿ ಹೊಸದಲ್ಲ. 1961ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಫರ್ನಾಂಡೋ ಕಾರ್ಬಾಟೋ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಒಂದೇ ಕಂಪ್ಯೂಟರನ್ನು ಅನೇಕರು ಏಕಕಾಲಕ್ಕೆ ಹಂಚಿಕೊಳ್ಳುವ ವ್ಯವಸ್ಥೆಯನ್ನು ಮಾಡಿ ತೋರಿಸಿದರು. ಒಬ್ಬರ ಕಾಗದಪತ್ರ ಇನ್ನೊಬ್ಬರ ಕೈಗೆ ಸಿಗಬಾರದೆಂದು ಪ್ರತಿಯೊಬ್ಬರಿಗೂ ಒಂದು ಹೆಸರು, ಒಂದು ಪಾಸ್‌ವರ್ಡ್ ಕೊಟ್ಟರು. ಆ ಹೆಸರುಗಳೂ ಪಾಸ್‌ವರ್ಡುಗಳೂ ಯಂತ್ರದೊಳಗೆ ಒಂದು ದಾಖಲೆಯಲ್ಲಿದ್ದವು. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧಕರು, ತಮಗೆ ಕೊಟ್ಟಿದ್ದ ಯಂತ್ರದ ವೇಳೆ ಸಾಲದೆಂದು, ಆ ದಾಖಲೆಯನ್ನೇ ಅಚ್ಚು ಹಾಕಿಕೊಡುವಂತೆ ಯಂತ್ರಕ್ಕೆ ಚೀಟಿ ಕಳಿಸಿದರು. ಯಂತ್ರ ವಿಧೇಯವಾಗಿ ಅಚ್ಚು ಹಾಕಿ ಕೊಟ್ಟಿತು! ಬಾಗಿಲಿನ ಮುಂದೆ ಏನು ಕಾಣುತ್ತದೆ ಎಂಬುದು ಬೇರೆ, ಒಳಗಿನ ದಾಖಲೆಯಲ್ಲಿ ಏನಿದೆ ಎಂಬುದು ಬೇರೆ ಎಂಬ ಪಾಠ ಈ ವಿದ್ಯೆಯ ಬಾಲ್ಯದಲ್ಲಿಯೇ ದೊರೆತಿತ್ತೆನ್ನಬೇಕು.

ಇಂದಿಗೂ ಹಾಗೆಯೇ. ಲಾಗಿನ್ ಪರದೆಯೆಂಬುದು ಅಂಗಡಿಯ ಮುಂದಿನ ಹೆಸರಿನ ಹಲಗೆ. ಖಾತೆಗಳ ನಿಜವಾದ ದಾಖಲೆ ಒಳಗಿನ ತಿಜೋರಿಯಲ್ಲಿರುತ್ತದೆ. ಹಲಗೆಯಿಂದ ಒಂದು ಹೆಸರನ್ನು ಅಳಿಸಿದರೆ ತಿಜೋರಿಯ ಕೀಲಿಕೈ ಮರಳಿ ಬಂದಂತಾಗುವುದಿಲ್ಲ. ಇನ್ನೊಂದು ಸಂಗತಿ. ಯಂತ್ರವು ಮನುಷ್ಯನನ್ನು ಗುರುತಿಸುವುದು ಹೆಸರಿನಿಂದ ಕೂಡ ಅಲ್ಲ. ಪ್ರತಿ ಖಾತೆಗೂ ಒಳಗೊಂದು ಸಂಖ್ಯೆ ಇರುತ್ತದೆ. ಹೆಸರನ್ನು ಬದಲಿಸಿ, ಮರೆಮಾಡಿ, ಆ ಸಂಖ್ಯೆ ಹಾಗೆಯೇ ಉಳಿದಿರುತ್ತದೆ. ಅದಕ್ಕೆ ಕೊಟ್ಟ ಅಧಿಕಾರವೂ ಉಳಿದಿರುತ್ತದೆ.

ಹಾಗಾದರೆ ಹೆಸರನ್ನು ಮರೆಮಾಡುವ ಅನುಕೂಲವನ್ನೇಕೆ ಇಟ್ಟರು ಎಂದು ಕೇಳಬಹುದು. ಅದಕ್ಕೂ ಕಾರಣವುಂಟು. ಒಂದು ಕಂಪ್ಯೂಟರಿನಲ್ಲಿ ಮನುಷ್ಯರ ಖಾತೆಗಳಷ್ಟೇ ಅಲ್ಲ, ಯಂತ್ರದ್ದೇ ಖಾತೆಗಳೂ ಇರುತ್ತವೆ. ಅಚ್ಚಿನ ಕೆಲಸ ನೋಡಿಕೊಳ್ಳಲು ಒಂದು, ಗಡಿಯಾರ ಸರಿಪಡಿಸಲು ಒಂದು, ಹೀಗೆ ಒಳಗಿನ ಊಳಿಗದವರು. ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಇಂಥ ಹೆಸರುಗಳು ಮೂವತ್ತು ನಲವತ್ತು ಇರುವುದು ಸಾಮಾನ್ಯ. ಅಲ್ಲಿ ಮನುಷ್ಯರ ಖಾತೆಗಳ ಸಂಖ್ಯೆ ಸಾಮಾನ್ಯವಾಗಿ 1000ದಿಂದ ಮೊದಲಾಗುತ್ತದೆ. ಅದಕ್ಕಿಂತ ಕಡಿಮೆಯವು ಯಂತ್ರದವು. ಅವನ್ನು ಪರದೆಗೆ ತರುವುದಿಲ್ಲ. ಅಡಿಗೆಯವರನ್ನೂ ನೀರು ಹೊರುವವರನ್ನೂ ಮದುವೆಯ ಕರೆಯೋಲೆಯಲ್ಲಿ ಅಚ್ಚು ಹಾಕಿಸುವುದಿಲ್ಲವಷ್ಟೆ? ಹಾಗೆ. ಶಾಲೆಯ ಕಂಪ್ಯೂಟರಿನಲ್ಲಿ ಮೇಲ್ವಿಚಾರಕನ ಖಾತೆ ಮಕ್ಕಳ ಕಣ್ಣಿಗೆ ಬೀಳದಿರಲೆಂದು ಮರೆಮಾಡುವುದೂ ಉಂಟು. ದಾರಿಹೋಕರಿಗೆ ಮನೆಮಂದಿಯ ಹೆಸರು ತಿಳಿಯದಿರಲೆಂದು ಎಲ್ಲ ಹೆಸರುಗಳನ್ನೂ ತೆಗೆದು ಖಾಲಿ ಚೌಕಗಳನ್ನು ಇಡುವುದೂ ಉಂಟು. ಇವೆಲ್ಲ ಒಳ್ಳೆಯವೇ. ಮರೆಯನ್ನು ಬೀಗವೆಂದು ತಿಳಿದಾಗ ಮಾತ್ರ ಕೆಡುಕು ಬರುತ್ತದೆ.

ಈ ತಪ್ಪನ್ನು ನಮ್ಮ ಸಾಹುಕಾರರೊಬ್ಬರೇ ಮಾಡಿದರೆಂದು ನಗಬೇಕಾಗಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಹೆಸರುಗಳ ಪಕ್ಕದಲ್ಲಿ ಚಿಕ್ಕ ಚಿತ್ರಗಳಿಟ್ಟ ಚೆಂದದ ಸ್ವಾಗತ ಪರದೆ ಅದರೊಡನೆ ಬಂತು. ಯಂತ್ರದ ಪರಮಾಧಿಕಾರ ಇರುವ ‘ಅಡ್ಮಿನಿಸ್ಟ್ರೇಟರ್’ ಎಂಬ ಖಾತೆ ಒಳಗೆ ಇತ್ತು. ಸಾಮಾನ್ಯವಾಗಿ ಪರದೆಯ ಮೇಲೆ ಕಾಣುತ್ತಿರಲಿಲ್ಲ. ಎಷ್ಟೋ ಮನೆಗಳ ಯಂತ್ರಗಳಲ್ಲಿ ಅದಕ್ಕೆ ಪಾಸ್‌ವರ್ಡೇ ಇರುತ್ತಿರಲಿಲ್ಲ. ತಿಳಿದವನು ಬೇರೆ ದಾರಿಯಿಂದ ಹೋಗಿ ಆ ಹೆಸರನ್ನು ಕೂಗಿದರೆ ಬಾಗಿಲು ತೆರೆಯುತ್ತಿತ್ತು. ಅದರ ಮುಂದಿನ ಆವೃತ್ತಿ ವಿಸ್ಟಾ 2007ರಲ್ಲಿ ಬಳಕೆಗೆ ಬಂದಾಗ ತಯಾರಕರು ಈ ಖಾತೆಯನ್ನು ಹೊಸ ಯಂತ್ರಗಳಲ್ಲಿ ಮೊದಲಿನಿಂದಲೇ ನಿಲುಗಡೆ ಮಾಡಿ ಕಳಿಸತೊಡಗಿದರು. ಮರೆ ಸಾಲದು, ಬೀಗ ಬೇಕು ಎಂದು ದೊಡ್ಡವರೂ ಕಲಿತೇ ತಿಳಿದುಕೊಂಡರು.

ಇನ್ನು ಅಂಗಡಿಗೆ ಮರಳೋಣ. ನಾನು ಯಂತ್ರದ ಒಳಗಿನ ಪಟ್ಟಿಯನ್ನು ತೆಗೆಸಿದೆ. ಸಾಹುಕಾರರ ಹೆಸರಿನ ಕೆಳಗೆ ಗುಮಾಸ್ತನ ಹೆಸರು ನೆಟ್ಟಗೆ ಕುಳಿತಿತ್ತು. ಪಾಸ್‌ವರ್ಡ್ ಮೊದಲಿನದೇ. ಅಧಿಕಾರ ಮೊದಲಿನದೇ. ರಿಪೇರಿಯ ಹುಡುಗ ಹಲಗೆಯನ್ನು ತೊಳೆದಿದ್ದ, ಅಷ್ಟೆ. “ಅಂದ್ರ ಅವ ಇನ್ನೂ ಒಳಗ ಬರಬೌದಿತ್ತು!” ಎಂದು ಸಾಹುಕಾರರು ಎದೆ ಮುಟ್ಟಿಕೊಂಡರು. ಬರಬಹುದಿತ್ತು ನಿಜ. ಬಂದನೇ ಎಂಬುದು ಬೇರೆ ಪ್ರಶ್ನೆ.

ಗಣಿತದವನ ಚಟ, ಆ ಹೆಸರಿನಲ್ಲಿ ಬಿದ್ದ ಎಲ್ಲ ನಮೂದುಗಳ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಗುಮಾಸ್ತ ಹೋದ ಮೇಲೆ ಒಟ್ಟು ಒಂಬತ್ತು ನಮೂದುಗಳು. ಗೋಡೆಯ ಪಂಚಾಂಗ ನೋಡಿದೆ. ಒಂಬತ್ತೂ ಶನಿವಾರದ ರಾತ್ರಿ! ದೂರದಿಂದ ತಂತಿಯ ಮೂಲಕ ಈ ಯಂತ್ರಕ್ಕೆ ಬರುವ ದಾರಿ ಇದೆಯೇ ನೋಡಿದೆ, ಮುಚ್ಚಿತ್ತು. ಅಂಗಡಿಯ ಹಿಂದಿನ ಬಾಗಿಲು ಸಾಹುಕಾರರ ಮನೆಯ ಪಡಸಾಲೆಗೇ ತೆರೆಯುತ್ತದೆ. ಎಂದರೆ ಬರೆದವನು ಶನಿವಾರದ ರಾತ್ರಿ ಆ ಮನೆಯೊಳಗೆ ಇದ್ದವನು.

“ಸಾಹುಕಾರ್ರ, ಶನಿವಾರ ನಿಮ್ಮ ಮನಿಗೆ ಯಾರು ಬರ್ತಾರ್ರಿ?” ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಣ್ಣಾವ ಬರ್ತಾನ. ರಾಯಚೂರಿಂದ” ಎಂದರು. ಕಿರಿಯ ಮಗ. ಅಲ್ಲಿಯ ಕಾಲೇಜಿನಲ್ಲಿ ಓದುತ್ತ ಹಾಸ್ಟೆಲಿನಲ್ಲಿ ಇರುವವನು.

ಹುಡುಗನಿಗೆ ದೂರವಾಣಿ ಮಾಡಿದೆವು. ಅವನಲ್ಲಿ ಕಪಟವೇನೂ ಇರಲಿಲ್ಲ. “ನಾನಾ ಬರದೀನ್ರಿ ಸರ. ವಾರದಾಗ ಮನಿಗೆ ಬಂದು ಕೊಟ್ಟವರ ರೊಕ್ಕ ಅವ್ವ ಡಬ್ಬ್ಯಾಗ ಇಟ್ಟಿರ್ತಾಳ. ಶನಿವಾರ ನಾ ಬಂದು ಲೆಕ್ಕಕ್ಕ ಹಚ್ಚತೀನಿ” ಎಂದ. ಯಾವ ಹೆಸರಿನಿಂದ ಒಳಗೆ ಹೋಗುತ್ತೀ ಎಂದು ಕೇಳಿದೆ. “ಅಣ್ಣಾರು ಕೆಲಸ ಕಲಿಸುವಾಗ ತಮ್ಮ ಹೆಸರಿಂದನಾ ಕಲಿಸಿದ್ರು. ಅಪ್ಪಾಜೀದು ಪಾಸ್‌ವರ್ಡ್ ನನಗ ಗೊತ್ತಿಲ್ರಿ. ಪರದೆ ಮ್ಯಾಲ ಹೆಸರು ಕಾಣಲಿಲ್ಲ, ಬರದು ನೋಡಿದೆ, ತಗೀತು” ಎಂದ. ಗುಮಾಸ್ತನನ್ನು ಆ ಹುಡುಗ ಅಣ್ಣನೆಂದೇ ಕರೆಯುತ್ತಿದ್ದ.

18 ಸಾವಿರದ ಸಂಗತಿಯೂ ಬಗೆಹರಿಯಿತು. ಆ ಹಣ ಕೊಟ್ಟವನೂ, ಜಮಾ ಆದವನೂ ಒಂದೇ ಹೆಸರಿನವರು, ಅಡ್ಡಹೆಸರೂ ಒಂದೇ. ನಮ್ಮ ಸೀಮೆಯಲ್ಲಿ ಮಸ್ಕಿಯ ಮಲ್ಲಿಕಾರ್ಜುನನ ಹೆಸರಿಟ್ಟುಕೊಂಡವರು ಓಣಿಗೆ ನಾಲ್ವರು ಸಿಗುತ್ತಾರೆ. ಹುಡುಗ ಪಟ್ಟಿಯಲ್ಲಿ ಮೊದಲು ಕಂಡ ಹೆಸರಿಗೆ ಜಮಾ ಹಾಕಿದ್ದ. ಹಣವೂ ಡಬ್ಬಿಯಲ್ಲಿತ್ತು, ಲೆಕ್ಕವೂ ಇತ್ತು; ಮನೆ ಮಾತ್ರ ತಪ್ಪಿತ್ತು. ಇದರಲ್ಲಿ ಕಳ್ಳರೇ ಇರಲಿಲ್ಲ. ಆದರೂ ಒಬ್ಬ ಕಳ್ಳನನ್ನು ಊರೆಲ್ಲ ಕೂಡಿ ಮಾಡಿಬಿಟ್ಟಿತ್ತು.

ಆ ಹಾಳೆಯನ್ನು ಮಡಿಸುವಾಗ ನನಗೆ ಸಮೀಪದ ಮಸ್ಕಿಯ ಬಂಡೆ ನೆನಪಿಗೆ ಬಂತು. ಶಾಲೆಯ ಮಕ್ಕಳನ್ನು ಎಷ್ಟೋ ಸಲ ಅಲ್ಲಿಗೆ ಕರೆದೊಯ್ದಿದ್ದೇನೆ. ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಓದಿದ ಮೇಲೆ ದೇಶದ ಉದ್ದಗಲಕ್ಕೂ ಇದ್ದ ಬಂಡೆಗಳೂ ಕಂಬಗಳೂ ಮಾತಾಡತೊಡಗಿದವು. ಆದರೆ ಅವುಗಳಲ್ಲಿ ಇದ್ದುದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು. ಆ ರಾಜ ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಹೇಳಿದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರು ಮಸ್ಕಿಯಲ್ಲಿ ಒಂದು ಶಾಸನವನ್ನು ಕಂಡರು. ಹೊಸಕೋಟೆಯ ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದರಲ್ಲಿ ಬಿರುದಿನ ಪಕ್ಕದಲ್ಲಿಯೇ ‘ಅಶೋಕ’ ಎಂಬ ಹೆಸರು ಕೊರೆದಿತ್ತು. ಮುಂದೆ ಮಧ್ಯಪ್ರದೇಶದ ಗುಜರಾದಲ್ಲಿ, ತುಂಗಭದ್ರೆಯ ಆಚೆ ನಿಟ್ಟೂರು, ಉಡೇಗೋಳಗಳಲ್ಲಿ ಕೂಡ ಆ ಹೆಸರು ದೊರೆಯಿತು.

ಮಕ್ಕಳಿಗೆ ನಾನು ಹೇಳುತ್ತಿದ್ದುದು ಚರಿತ್ರೆಯ ಪಾಠ. ಆ ರಾತ್ರಿ ಅದರಲ್ಲಿ ಬೇರೊಂದು ಅರ್ಥ ಕಂಡಿತು. ಹೆಸರು ಕಾಣದಿದ್ದ ಕಾಲದಲ್ಲಿಯೂ ಆಜ್ಞೆ ಅವನದೇ ಆಗಿತ್ತು. ಬಂಡೆಯ ಮೇಲೆ ಬಿರುದಷ್ಟೇ ಇದ್ದರೂ ಆಳಿದವನು ಆಳಿದ್ದೇ ಸರಿ. ಹೆಸರು ಮರೆಯಾದರೆ ಅಧಿಕಾರ ಮರೆಯಾಗುವುದಿಲ್ಲ; ಯಾರ ಅಧಿಕಾರ ಎಂಬುದು ಮಾತ್ರ ತಿಳಿಯದಾಗುತ್ತದೆ. ಗೊಬ್ಬರದ ಅಂಗಡಿಯ ಯಂತ್ರದಲ್ಲಿ ಆದುದೂ ಇದೇ, ತಿರುಗುಮುರುಗಾಗಿ. ಇಲ್ಲಿ ಹೆಸರು ಒಬ್ಬನದು, ಕೈ ಇನ್ನೊಬ್ಬನದು.

ಹೆಸರೂ ಕೈಯೂ ಒಂದೇ ಆಗಿರಬೇಕೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಳ್ಳೆಯ ಉದಾಹರಣೆ ಇದೆ. ಪಹಣಿ ಪತ್ರಿಕೆ ಎಂದರೆ ರೈತನಿಗೆ ಪ್ರಾಣ. ಅದು ಮೊದಲು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ನಾಡಿನಾದ್ಯಂತ ಸುಮಾರು 9 ಸಾವಿರ ಲೆಕ್ಕಿಗರ ಬಳಿ ಇದ್ದ, ಸುಮಾರು 2 ಕೋಟಿ ಪಹಣಿಗಳನ್ನು ‘ಭೂಮಿ’ ಎಂಬ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸಿದರು. 2002ರ ಹೊತ್ತಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುವಂತಾಯಿತು. ಆ ಏರ್ಪಾಟಿನಲ್ಲಿ ನನಗೆ ಹಿಡಿಸಿದ ಅಂಶ ಒಂದು. ದಾಖಲೆಯನ್ನು ಮುಟ್ಟುವ ನೌಕರರು ಹೆಸರು ಬರೆದು ಪಾಸ್‌ವರ್ಡ್ ಕೊಟ್ಟರಷ್ಟೇ ಸಾಲದು. ಬೆರಳನ್ನು ಯಂತ್ರದ ಮೇಲೆ ಒತ್ತಿ ತಾವೇ ಎಂದು ತೋರಿಸಬೇಕಾಗಿತ್ತು. ಹಕ್ಕು ಬದಲಾವಣೆ ಮಾಡಿದವರು ಯಾರು ಎಂದು ಮುಂದೆ ಕೇಳಿದರೆ ‘ನಾನಲ್ಲ, ನನ್ನ ಹೆಸರಿನಲ್ಲಿ ಇನ್ನಾರೋ’ ಎನ್ನಲು ಎಡೆಯಿಲ್ಲ. ಇದರಿಂದ ತಪ್ಪು ಮಾಡುವವನಿಗೆ ಭಯ. ಅದು ಎಲ್ಲರಿಗೂ ತಿಳಿದುದು. ಆದರೆ ತಪ್ಪು ಮಾಡದವನಿಗೆ ಅದು ರಕ್ಷೆ. ಇದನ್ನು ನಾವು ಮರೆಯುತ್ತೇವೆ. ನಮ್ಮ ಗುಮಾಸ್ತನಿಗೆ ಬೇಕಾಗಿದ್ದುದು ಆ ರಕ್ಷೆಯೇ.

ಗೊಬ್ಬರದ ಅಂಗಡಿಗೆ ಬೆರಳಿನ ಯಂತ್ರ ಬೇಕೆಂದು ನಾನು ಹೇಳುವುದಿಲ್ಲ. ಮೂರು ಮಾತುಗಳ ಭೇದ ತಿಳಿದರೆ ಸಾಕು: ಮರೆ, ಬೀಗ, ಅಳಿಸುವಿಕೆ.

ಮರೆ ಎಂದರೆ ಹೆಸರು ಪರದೆಯ ಮೇಲೆ ಕಾಣದಂತೆ ಮಾಡುವುದು. ವಿಂಡೋಸಿನಲ್ಲಿ ಎಲ್ಲ ಹೆಸರುಗಳನ್ನೂ ಒಮ್ಮೆಲೆ ತೆಗೆಯುವ ದಾರಿ ಒಂದುಂಟು. ರಿಪೇರಿಯ ಹುಡುಗ ಮಾಡಿದ್ದು ಅದು. ಒಂದೇ ಹೆಸರನ್ನು ಮರೆಮಾಡುವ ದಾರಿಯೂ ಉಂಟು. ‘ರಿಜಿಸ್ಟ್ರಿ’ ಎಂಬ ಒಳಗಿನ ದೊಡ್ಡ ಕಡತದಲ್ಲಿ ‘ಸ್ಪೆಷಲ್ ಅಕೌಂಟ್ಸ್’ ಎಂಬ ಕೋಣೆ ಮಾಡಿ, ಅದರೊಳಗೆ ‘ಯೂಸರ್‌ಲಿಸ್ಟ್’ ಎಂಬ ಪಟ್ಟಿ ಇಟ್ಟು, ಹೆಸರಿನ ಮುಂದೆ ಸೊನ್ನೆ ಬರೆದರೆ ಅದು ಮರೆಯಾಗುತ್ತದೆ. ಒಂದು ಬರೆದರೆ ಮತ್ತೆ ತೋರುತ್ತದೆ. ಮ್ಯಾಕ್ ಯಂತ್ರಗಳಲ್ಲಿಯೂ ಲಿನಕ್ಸಿನಲ್ಲಿಯೂ ಖಾತೆಯ ವಿವರದಲ್ಲಿ ಇಂಥದೇ ಒಂದು ಗುರುತು ಹಾಕುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಪೂರ್ಣ ಅಧಿಕಾರವಿರುವ ಖಾತೆ ಯಂತ್ರದಲ್ಲಿ ಒಂದೇ ಇದ್ದರೆ ಅದನ್ನು ಹೀಗೆ ಮರೆಮಾಡಬೇಡಿ. ಅಧಿಕಾರ ಬೇಕಾದ ಕೆಲಸಕ್ಕೆ ಯಂತ್ರ ಆ ಹೆಸರನ್ನು ಕೇಳುತ್ತದೆ, ಆದರೆ ಆರಿಸಲು ಹೆಸರು ಕಾಣುವುದಿಲ್ಲ. ಕೀಲಿಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡವರ ಪಾಡಾಗುತ್ತದೆ.

ಬೀಗ ಎಂದರೆ ಖಾತೆಯನ್ನು ನಿಲುಗಡೆ ಮಾಡುವುದು. ಹೆಸರೂ ಕಡತಗಳೂ ಇರುತ್ತವೆ. ಆದರೆ ಆ ಹೆಸರಿನಿಂದ ಒಳಗೆ ಹೋಗಲು ಬರುವುದಿಲ್ಲ. ವಿಂಡೋಸಿನಲ್ಲಿ ಅಧಿಕಾರಿಯ ಖಾತೆಯಿಂದ ಆಜ್ಞೆ ಬರೆಯುವ ಕಪ್ಪು ಕಿಟಕಿಯನ್ನು ತೆರೆದು, ‘ನೆಟ್ ಯೂಸರ್’ ಎಂದು ಬರೆದು, ಮುಂದೆ ಆ ಖಾತೆಯ ಹೆಸರು, ಮುಂದೆ ಓರೆಗೆರೆ, ‘ಆಕ್ಟಿವ್’, ಎರಡು ಚುಕ್ಕೆ, ‘ನೋ’ ಎಂದು ಬರೆದರೆ ಬೀಗ ಬಿತ್ತು. ‘ನೋ’ ಇದ್ದಲ್ಲಿ ‘ಎಸ್’ ಬರೆದರೆ ಬೀಗ ತೆಗೆಯಿತು. ಕೆಲಸ ಬಿಟ್ಟು ಹೋದವರ ಖಾತೆಗೆ ಅದೇ ದಿನ ಮಾಡಬೇಕಾದುದು ಇದು. ಹೋಗುವವರ ಎದುರಿನಲ್ಲಿಯೇ ಮಾಡಿದರೆ ಇನ್ನೂ ಒಳ್ಳೆಯದು. ಅದು ಅವಮಾನವಲ್ಲ; ‘ಇಂದಿನಿಂದ ಇಲ್ಲಿಯ ಹೊಣೆ ನಿನ್ನದಲ್ಲ’ ಎಂದು ಕೊಡುವ ಋಣಮುಕ್ತಿಯ ಪತ್ರ.

ಅಳಿಸುವುದು ಕೊನೆಯ ಹೆಜ್ಜೆ. ಅಳಿಸುವಾಗ ಆ ಖಾತೆಯ ಕಾಗದಪತ್ರಗಳೂ ಹೋಗಬಹುದು. ಆದುದರಿಂದ ಮೊದಲು ಬೀಗ ಹಾಕಿ, ಬೇಕಾದ ಕಡತಗಳನ್ನು ಬೇರೆಡೆಗೆ ಸಾಗಿಸಿ, ಒಂದೆರಡು ತಿಂಗಳು ನೋಡಿ, ಆಮೇಲೆ ಅಳಿಸುವುದು ಜಾಣತನ.

ಒಳಗೆ ಯಾರು ಯಾರಿದ್ದಾರೆಂದು ತಿಳಿಯಲು ಪರದೆಯನ್ನು ನೋಡಬಾರದು, ಪಟ್ಟಿಯನ್ನು ಕೇಳಬೇಕು. ‘ನೆಟ್ ಯೂಸರ್’ ಎಂದಷ್ಟೇ ಬರೆದರೆ ಹೆಸರುಗಳು ಬರುತ್ತವೆ. ಒಂದು ಹೆಸರನ್ನೂ ಸೇರಿಸಿದರೆ ಅವರು ಕೊನೆಯ ಸಲ ಒಳಗೆ ಬಂದ ವೇಳೆಯೂ ತಿಳಿಯುತ್ತದೆ. ಆದರೆ ಕೆಟ್ಟವರಿಗೆ ಒಂದು ಉಪಾಯ ಗೊತ್ತು. ಹೆಸರಿನ ಕೊನೆಗೆ ಡಾಲರಿನ ಗುರುತು ಇಟ್ಟರೆ ಆ ಖಾತೆ ಈ ಪಟ್ಟಿಯಲ್ಲಿ ಕಾಣುವುದಿಲ್ಲ. ‘ಪವರ್‌ಶೆಲ್’ ಎಂಬ ಇನ್ನೊಂದು ಕಿಟಕಿಯಲ್ಲಿ ‘ಗೆಟ್’, ಒಂದು ಅಡ್ಡಗೆರೆ, ‘ಲೋಕಲ್‌ಯೂಸರ್’ ಎಂದು ಬರೆದರೆ ಅಂಥದೂ ಬೆಳಕಿಗೆ ಬರುತ್ತದೆ. ಯಾವುದಕ್ಕೆ ಬೀಗವಿದೆ, ಯಾವುದಕ್ಕೆ ಇಲ್ಲ ಎಂಬುದೂ ಪಕ್ಕದಲ್ಲಿಯೇ ಕಾಣುತ್ತದೆ. ಗುರುತಿಲ್ಲದ ಹೆಸರು ಕಂಡೊಡನೆ ಅಳಿಸಲು ಹೋಗಬೇಡಿ. ‘ಗೆಸ್ಟ್’, ‘ಡಿಫಾಲ್ಟ್ ಅಕೌಂಟ್’ ಮುಂತಾದವು ಯಂತ್ರದವೇ. ಸಾಮಾನ್ಯವಾಗಿ ಬೀಗ ಹಾಕಿಕೊಂಡೇ ಇರುತ್ತವೆ. ತಿಳಿದವರನ್ನು ಕೇಳಿ ಮುಂದುವರಿಯಿರಿ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು. ಯಂತ್ರವನ್ನು ಮುಟ್ಟುವ ಪ್ರತಿಯೊಬ್ಬರಿಗೂ ಅವರದೇ ಖಾತೆ ಇರಲಿ. ಮಗನಿಗೆ ಒಂದು, ಸೊಸೆಗೆ ಒಂದು, ಆಳಿಗೆ ಒಂದು. ‘ನಮ್ಮ ನಮ್ಮವರಲ್ಲಿ ಏನು’ ಎಂದು ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟುಕೊಳ್ಳುವುದು ಪ್ರೀತಿಯ ಲಕ್ಷಣವೆಂದು ತೋರಬಹುದು. ನಮ್ಮ ನಮ್ಮವರಲ್ಲಿಯೇ ಸಂಶಯ ಬರದಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡ ಪ್ರೀತಿ. ದೀಪಾವಳಿಯಲ್ಲಿ ಅಂಗಡಿಯವರು ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುತ್ತಾರೆ. ಈಗ ಕಂಪ್ಯೂಟರಿಗೂ ಕುಂಕುಮ ಹಚ್ಚುವುದನ್ನು ನಾನು ನೋಡಿದ್ದೇನೆ. ಕುಂಕುಮ ಹಚ್ಚುವ ಮುನ್ನ ಒಮ್ಮೆ ಆ ಒಳಗಿನ ಪಟ್ಟಿಯನ್ನೂ ತೆಗೆದು ಓದಿದರೆ ಪೂಜೆ ಪೂರ್ಣವಾದೀತು.

ಅಂಗಡಿಯ ಕಥೆ ಮುಗಿಯಬೇಕಷ್ಟೆ. ಮರುದಿನ ಬೆಳಿಗ್ಗೆ ಸಾಹುಕಾರರು ಮೊದಲ ಬಸ್ಸಿಗೇ ಸಿಂಧನೂರಿಗೆ ಹೊರಟರು. ನನ್ನನ್ನೂ ಕರೆದರು. ಗುಮಾಸ್ತನ ಮನೆಯಲ್ಲಿ ಅವರು ಹೆಚ್ಚು ಮಾತಾಡಲಿಲ್ಲ. ಚಹಾ ಕುಡಿದು, “ನಂದು ತಪ್ಪಾತಪ್ಪಾ” ಎಂದರು. ಅಲ್ಲಿಂದ ನೇರವಾಗಿ ಅವನ ಹೊಸ ಯಜಮಾನರ ಅಂಗಡಿಗೆ ಹೋಗಿ, ನಾಲ್ಕು ಜನರ ಎದುರಿಗೆ ಇದ್ದ ಸಂಗತಿಯನ್ನು ಇದ್ದಂತೆ ಹೇಳಿದರು. ಅವನು ಮರುದಿನದಿಂದ ಕೆಲಸಕ್ಕೆ ಹೋದ. ಬಳಗಾನೂರಿನ ಚಹಾದ ಅಂಗಡಿಗೆ ಈ ಸುದ್ದಿ ಮುಟ್ಟಲು ಮಾತ್ರ ಎಂಟು ದಿನ ಹಿಡಿಯಿತು. ಕೆಟ್ಟ ಸುದ್ದಿ ಬಂದಷ್ಟು ಬೇಗ ಒಳ್ಳೆಯ ಸುದ್ದಿ ಬರುವುದಿಲ್ಲ.

ಆ ದಿನ ಊರಿಗೆ ಮರಳಿದ ಮೇಲೆ ಸಾಹುಕಾರರೂ ನಾನೂ ಯಂತ್ರದ ಮುಂದೆ ಕುಳಿತೆವು. ಗುಮಾಸ್ತನ ಖಾತೆಗೆ ಬೀಗ ಹಾಕಿದೆವು. ಮಗನಿಗೆ ಅವನದೇ ಒಂದು ಖಾತೆ ಮಾಡಿಕೊಟ್ಟೆವು. ಆಮೇಲೆ ಹೆಸರುಗಳನ್ನು ಮತ್ತೆ ಪರದೆಯ ಮೇಲೆ ಬರುವಂತೆ ಮಾಡಲೇ ಎಂದು ಕೇಳಿದೆ. ಸಾಹುಕಾರರು ಸ್ವಲ್ಪ ಯೋಚಿಸಿ, “ಮಾಡ್ರಿ ಮಾಸ್ತರ. ಒಳಗ ಇದ್ದವರು ಹೊರಗ ಕಾಣ್ಲಿ” ಎಂದರು.